ರಾತ್ರಿ ಒಂಬತ್ತರ ಫಿಲ್ಟರ್ ಕಾಫಿ: ಗೆಳೆಯರ ಗುಂಪು ಮನೆಗೆ ಬಂದಾಗ

ನಲವತ್ತರ ಆಸುಪಾಸಿನ ಬೆಂಗಳೂರಿನ ಗೆಳೆಯರು ಶನಿವಾರ ರಾತ್ರಿ ಸೇರೋಣ ಅಂದರೆ ಈಗ ಮೊದಲು ಕೇಳಿಬರುವ ಮಾತು, "ಎಷ್ಟೊತ್ತಿಗೆ ವಾಪಸ್ ಬರ್ತೀವಿ?" ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ನಿಂತೇ ಹೊಟ್ಟೆ ತುಂಬಿಸಿಕೊಂಡು, ಬ್ರಿಗೇಡ್ ರೋಡಿನಲ್ಲಿ ಸುತ್ತಿ, ಹತ್ತು ಗಂಟೆ ದಾಟಿದ ಮೇಲೆ ಆಟೋದವರಿಗೆ 'ಒಂದೂವರೆ' ಕೊಟ್ಟು ಮನೆ ಸೇರುತ್ತಿದ್ದವರು ಇವರೇ. ಈಗ ಒಬ್ಬರ ಮನೆಯಲ್ಲಿ ಮಗಳ ಪರೀಕ್ಷೆ, ಇನ್ನೊಬ್ಬರ ಮನೆಯಲ್ಲಿ ಅಪ್ಪನಿಗೆ ಒಂಬತ್ತಕ್ಕೆ ಮಾತ್ರೆ ಕೊಡಬೇಕು, ಮತ್ತೊಬ್ಬರು ವೈಟ್‌ಫೀಲ್ಡಿನಿಂದ ಬರಬೇಕು. ಹಾಗಾಗಿ ಊಟ ಅವರವರ ಮನೆಯಲ್ಲಿ ಮುಗಿಸಿ, ಯಾರದಾದರೂ ಒಬ್ಬರ ಮನೆಯಲ್ಲಿ ಕಾಫಿಗೆ ಸೇರುವ ಪದ್ಧತಿ ನನಗೆ ಗೊತ್ತಿರುವ ಎಷ್ಟೋ ಗುಂಪುಗಳಲ್ಲಿ ಬಂದಿದೆ. ಆ ರಾತ್ರಿ ಸೊಗಸಾಗಿ ನಡೆಯಬೇಕಾದರೆ ಏನೇನು ಮಾಡಬೇಕು ಅನ್ನುವುದಕ್ಕೆ ಈ ಬರಹ.

ಕಾಫಿ ಮಾಡುವುದನ್ನೂ ಹೇಳಿಕೊಡಬೇಕೇ ಅನ್ನಬೇಡಿ. ಬೆಳಿಗ್ಗೆ ಇಬ್ಬರಿಗೆ ಮಾಡುವುದು ಬೇರೆ. ಊಟವಾದ ಮೇಲೆ ಎಂಟು ಜನಕ್ಕೆ, ಅದೂ ಎಂಟು ಮನೆಯ ಎಂಟು ಹದ ಬಲ್ಲವರ ಮುಂದೆ ಮಾಡುವುದು ಬೇರೆ.

ಮೊದಲು ಒಂದು ತೀರ್ಮಾನ: ಎರಡು ಫಿಲ್ಟರ್ ಬೇಕು

ಒಂದು ಫಿಲ್ಟರನ್ನು ಅವರು ಬರುವ ಒಂದು ಗಂಟೆ ಮುಂಚೆ ಹಾಕಿಡಿ. ಟ್ರಾಫಿಕ್ಕಿನಲ್ಲಿ ಬೆಂದು ಬಂದವರ ಕೈಗೆ ಹತ್ತು ನಿಮಿಷದೊಳಗೆ ಲೋಟ ಸಿಗಬೇಕು. ಎರಡನೆಯದನ್ನು ಬೇಕೆಂದೇ ಎಲ್ಲರೂ ಬಂದ ಮೇಲೆ, ಎಲ್ಲರ ಎದುರಿಗೇ ಹಾಕಿ. ಡಿಕಾಕ್ಷನ್ ಇಳಿಯುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆ ಅರ್ಧ ಗಂಟೆಯೇ ಆ ರಾತ್ರಿಯ ಜೀವಾಳ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಿಂದೆ ಹೋಟೆಲಿನಲ್ಲಿ ಟೇಬಲ್ ಖಾಲಿಯಾಗಲಿ ಎಂದು ಬಾಗಿಲ ಬಳಿ ನಿಂತು ಹರಟುತ್ತಿದ್ದೆವಲ್ಲ, ಆ ಹರಟೆ ಈಗ ಅಡುಗೆಮನೆ ಕಟ್ಟೆಯ ಸುತ್ತ ನಡೆಯುತ್ತದೆ. ಜನ ಸೋಫಾ ಬಿಟ್ಟು ಎದ್ದು ಬರುತ್ತಾರೆ. ಒಬ್ಬರು ಮುಚ್ಚಳ ಎತ್ತಿ ನೋಡುತ್ತಾರೆ, ಇನ್ನೊಬ್ಬರು "ಅದನ್ನ ತೆಗೀಬೇಡ್ವೋ, ಆರಿ ಹೋಗತ್ತೆ" ಎಂದು ಗದರುತ್ತಾರೆ. ದೊಡ್ಡ ದೊಡ್ಡ ಹುದ್ದೆಯಲ್ಲಿರುವವರು ಬಗ್ಗಿ, ಫಿಲ್ಟರಿಗೆ ಕಿವಿ ಇಟ್ಟು ತೊಟ್ಟಿಕ್ಕುವ ಸದ್ದು ಕೇಳುತ್ತಾರೆ. ಎಲ್ಲ ಮೊದಲೇ ಸಿದ್ಧವಾಗಿ ಫ್ಲಾಸ್ಕಿನಲ್ಲಿದ್ದರೆ ಇದೊಂದೂ ಆಗುವುದಿಲ್ಲ. ಮನೆಯಲ್ಲಿ ಒಂದೇ ಫಿಲ್ಟರ್ ಇದ್ದರೆ ಬರುವವರಲ್ಲಿ ಒಬ್ಬರಿಗೆ ತಂದುಕೊಡಲು ಹೇಳಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಮ್ಮ ಮನೆ ಫಿಲ್ಟರೇ ಚೆನ್ನ ಎಂದು ತೋರಿಸುವ ಅವಕಾಶವನ್ನು ಯಾರು ತಾನೇ ಬಿಡುತ್ತಾರೆ?

ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಿ. ಪಾತ್ರೆ ಅಂಗಡಿಯವರು ಹೇಳುವ 'ಇಷ್ಟು ಕಪ್ಪಿನದು' ಎಂಬ ಲೆಕ್ಕ ಚಿಕ್ಕ ಕಪ್ಪಿನ ಲೆಕ್ಕ. ಮೇಲಿನ ಪಾತ್ರೆಯಲ್ಲಿ ಪುಡಿ ಮೂರರಲ್ಲಿ ಒಂದು ಪಾಲು ಕೂತು ಉಳಿದದ್ದು ನೀರಿಗೆ ಜಾಗವಾಗಬೇಕು. ಹಿತ್ತಾಳೆಯದು ಬಿಸಿಯನ್ನು ಚೆನ್ನಾಗಿ ಹಿಡಿಯುತ್ತದೆ, ನೋಡಲೂ ಚೆಂದ. ಆದರೆ ಉಜ್ಜಿ ತೊಳೆಯುವ ಉಸಾಬರಿ ಇದೆ. ಸ್ಟೀಲಿನದು ಸಾಕು.

ಪುಡಿ: ರಾತ್ರಿಗೆ ಚಿಕೋರಿಯೇ ಸರಿ

ಚಿಕೋರಿ ಹೆಸರೆತ್ತಿದರೆ ಮೂಗು ಮುರಿಯುವವರು ಪ್ರತಿ ಗುಂಪಿನಲ್ಲೂ ಇದ್ದಾರೆ. ಬೆಳಗಿನ ಕಾಫಿಗೆ ಅವರ ಮಾತು ಕೇಳೋಣ. ಅಪ್ಪಟ ಪೀಬೆರಿಯನ್ನೋ (ಹಣ್ಣಿನಲ್ಲಿ ಒಂದೇ ದುಂಡು ಬೀಜ ಕಟ್ಟಿದ ಕಾಫಿ), ಹೆಚ್ಚೆಂದರೆ 80 ಪಾಲು ಕಾಫಿಗೆ 20 ಪಾಲು ಚಿಕೋರಿಯ 80:20 ಮಿಶ್ರಣವನ್ನೋ ಹಾಕಿಕೊಳ್ಳಲಿ. ರಾತ್ರಿ ಒಂಬತ್ತಕ್ಕೆ ಮಾತ್ರ ನನ್ನ ಓಟು 60:40ಕ್ಕೆ.

ಕಾರಣ ಸರಳ. ಚಿಕೋರಿ ಅನ್ನುವುದು ಹುರಿದು ಪುಡಿ ಮಾಡಿದ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾ ಬೀಜದ ತೂಕದಲ್ಲಿ ಸುಮಾರು 1.2% ಕೆಫೀನ್, ರೋಬಸ್ಟಾದಲ್ಲಿ ಅದಕ್ಕೆ ಹತ್ತಿರಹತ್ತಿರ ಎರಡರಷ್ಟು. ಎಂಟು ಜನಕ್ಕೆ 50 ಗ್ರಾಂ ಅಪ್ಪಟ ಅರೇಬಿಕಾ ಹಾಕಿದರೆ ಒಟ್ಟು 600 ಮಿಲಿಗ್ರಾಂ, ತಲೆಗೆ 75. ಅದೇ 60:40 ಆದರೆ ತಲೆಗೆ 45ರ ಒಳಗೇ. ದೇಹಕ್ಕೆ ಹೋದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ಅಂದರೆ ಒಂಬತ್ತಕ್ಕೆ ಕುಡಿದದ್ದರಲ್ಲಿ ಅರ್ಧ, ರಾತ್ರಿ ಎರಡಕ್ಕೂ ಮೈಯಲ್ಲೇ ಇರುತ್ತದೆ. ಇಪ್ಪತ್ತೈದರಲ್ಲಿ ಇದನ್ನು ಯಾರೂ ಎಣಿಸುತ್ತಿರಲಿಲ್ಲ, ಈಗ ಎಣಿಸಲೇಬೇಕು. ಚಿಕೋರಿಯಿಂದ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಗೆ ಬರುವುದರಿಂದ ಕುಡಿದವರಿಗೆ 'ಸ್ಟ್ರಾಂಗ್' ಕುಡಿದ ತೃಪ್ತಿಯೂ ಸಿಗುತ್ತದೆ.

ಪುಡಿ ಅಂಗಡಿಯಲ್ಲಿ ಕೇಳುವಾಗ ಇಷ್ಟು ಹೇಳಿ: "ಫಿಲ್ಟರಿಗೆ, ಅರವತ್ತು-ನಲವತ್ತು, ರೋಬಸ್ಟಾ ಬೇಡ, ಕಾಲು ಕೆಜಿ." ರೋಬಸ್ಟಾ ಕೆಟ್ಟದ್ದು ಅಂತಲ್ಲ. ನೊರೆಗೂ ಗಟ್ಟಿತನಕ್ಕೂ ಅದು ಬೇಕೆಂದು ಎಷ್ಟೋ ಮಿಶ್ರಣಗಳಲ್ಲಿ ಸೇರಿಸುತ್ತಾರೆ. ಆದರೆ ರಾತ್ರಿಗೆ ನಾವು ಚಿಕೋರಿಯಿಂದ ಉಳಿಸಿದ್ದನ್ನು ಅದು ವಾಪಸ್ ತಂದುಬಿಡುತ್ತದೆ. ಪ್ಯಾಕೆಟ್ ಕೊಳ್ಳುವವರು ಅದರ ಮೇಲೆ ಅಚ್ಚಾಗಿರುವ ಪ್ರಮಾಣ ಓದಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕೆಂದು ನಿಯಮವಿದೆ, ಚಿಕೋರಿ ಎಷ್ಟೆಂದು ನಮೂದಿಸುವುದೂ ಕಡ್ಡಾಯ. ಅಂಗಡಿಯಲ್ಲಿ ಆಗಷ್ಟೇ ಬೀಸಿಸಿಕೊಂಡ ಪುಡಿ ಬೆಚ್ಚಗಿರುತ್ತದೆ. ಮನೆಗೆ ಬಂದ ಕೂಡಲೇ ಪೊಟ್ಟಣ ಬಿಚ್ಚಿ, ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬಿ. ವಾರ ಕಳೆದಂತೆ ಘಮ ಇಳಿಯುತ್ತದೆ. ಕಾಲು ಕೆಜಿಗಿಂತ ಹೆಚ್ಚು ತರಬೇಡಿ ಎನ್ನುವುದು ಅದಕ್ಕೇ.

ಅಳತೆ

ಒಂದು ಲೋಟಕ್ಕೆ ಪುಡಿ ಒಂದು ದೊಡ್ಡ ಚಮಚ, ತುಂಬಿ. ಸುಮಾರು ಆರು ಗ್ರಾಂ. ಎಂಟು ಲೋಟಕ್ಕೆ ಎಂಟು ಚಮಚ, ಅಂದರೆ 50 ಗ್ರಾಮಿನ ಲೆಕ್ಕ. ನೀರು 300 ಮಿಲಿಲೀಟರ್. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿಕೊಂಡು ಕೂರುತ್ತದೆ, ಅದನ್ನು ಮತ್ತೆ ಬಿಡುವುದಿಲ್ಲ. ಹಾಗಾಗಿ ಕೆಳಗೆ ಸಿಗುವುದು 200 ಮಿಲಿ, ಲೋಟಕ್ಕೆ 25. "ಇಷ್ಟೊಂದು ನೀರು ಹಾಕಿದ್ನಲ್ಲ, ಡಿಕಾಕ್ಷನ್ ಎಲ್ಲೋಯ್ತು?" ಅನ್ನುವ ಹಳೆಯ ಪ್ರಶ್ನೆಗೆ ಉತ್ತರ ಇದೇ.

ಫಿಲ್ಟರ್ ಹಾಕುವ ಕ್ರಮ

ಮೇಲಿನ ಪಾತ್ರೆ ಒಣಗಿರಲಿ. ದೀಪಕ್ಕೆ ಹಿಡಿದು ನೋಡಿ, ತೂತುಗಳಲ್ಲಿ ಬೆಳಕು ಸಮನಾಗಿ ಕಾಣಬೇಕು. ಪುಡಿ ಹಾಕಿ, ಪಾತ್ರೆಯ ಪಕ್ಕಕ್ಕೆ ಎರಡು ಸಲ ಬೆರಳಿನಿಂದ ತಟ್ಟಿದರೆ ಮಟ್ಟವಾಗುತ್ತದೆ. ಆಮೇಲೆ ಹಿಡಿ ಇರುವ ತೂತಿನ ಬಿಲ್ಲೆಯನ್ನು ಅದರ ಮೇಲಿಟ್ಟು ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಒತ್ತಿದರೆ ನೀರು ಇಳಿಯುವುದಿಲ್ಲ, ಒತ್ತದೇ ಬಿಟ್ಟರೆ ಹರಿದು ಓಡಿ ತೆಳ್ಳಗಾಗುತ್ತದೆ. ಅಂಗೈ ಭಾರ ಹಾಕಬೇಡಿ, ಎರಡು ಬೆರಳ ಭಾರ ಸಾಕು. ಬಿಲ್ಲೆ ಅಲ್ಲೇ ಇರಲಿ.

ನೀರು ಕುದಿಯಬೇಕು. ಈ ವಿಷಯದಲ್ಲಿ ಒಳಗಿನ ಕೋಣೆಯಿಂದ ಅತ್ತೆಯೋ ಅಮ್ಮನೋ "ಬರೀ ಬಿಸಿ ಆದ್ರೆ ಸಾಲ್ದು, ಮರಳಬೇಕು" ಎಂದು ಕೂಗಿ ಹೇಳಿದರೆ ಅದನ್ನು ಕೇಳಿ. ಅವರು ಹೇಳುವುದು ಸರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕಾಫಿಯ ರುಚಿ ಬಿಡಲು ಬೇಕಾದ ಶಾಖ 92ರಿಂದ 96. ಇಲ್ಲಿ ಕುದಿ ಬಂದ ಕೂಡಲೇ ಸುರಿಯಬಹುದು. ಮಂಗಳೂರು, ಉಡುಪಿಯವರು ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು ಸುರಿದರೆ ಕಹಿ ಕಡಿಮೆ.

ಮೊದಲು ಎರಡು ಮೂರು ಚಮಚ ನೀರನ್ನು ಬಿಲ್ಲೆಯ ಮೇಲೆ ಸುತ್ತ ಹಾಕಿ. ಪುಡಿ ಉಸಿರು ಬಿಟ್ಟು ಉಬ್ಬುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮೊದಲ ಘಮ ಏಳುವುದೂ ಆಗಲೇ, ಅದಕ್ಕೇ ಗೆಳೆಯರನ್ನು ಈ ಹೊತ್ತಿಗೆ ಅಡುಗೆಮನೆಗೆ ಕರೆಯಿರಿ. ಅರ್ಧ ನಿಮಿಷ ಬಿಟ್ಟು ಉಳಿದ ನೀರನ್ನು ನಿಧಾನವಾಗಿ ಸುರಿದು ಮುಚ್ಚಳ ಮುಚ್ಚಿ. ಇಲ್ಲಿಂದ ಮುಂದೆ ಮಾಡುವ ಕೆಲಸವೇನೂ ಇಲ್ಲ. ಹಾಗಿದ್ದೂ ಎಲ್ಲರೂ ಏನಾದರೂ ಮಾಡಲು ಹೊರಡುತ್ತಾರೆ.

ಇಳಿಯದೇ ನಿಂತರೆ

"ಇಳೀತಾ?" ಎಂದು ಒಬ್ಬರು ಕೇಳುವ ಹೊತ್ತಿಗೆ ಮದ್ದುಗಳು ಶುರುವಾಗುತ್ತವೆ. ಒಬ್ಬರು ಚಮಚದಿಂದ ಮೂರು ಸಲ ಕುಟ್ಟುತ್ತಾರೆ. ಒಬ್ಬರ ಅಜ್ಜಿ ಪುಡಿಯ ಕೆಳಗೆ ಒಂದು ಚಿಟಿಕೆ ಸಕ್ಕರೆ ಹಾಕುತ್ತಿದ್ದರಂತೆ. ಇನ್ನೊಬ್ಬರು ಊರಿಗೆ ಫೋನ್ ಹಚ್ಚಿ, "ಅಮ್ಮ, ಫಿಲ್ಟರ್ ನಿಂತ್ಹೋಗಿದೆ, ಏನ್ಮಾಡ್ಲಿ?" ಎಂದು ಸ್ಪೀಕರಿಗೆ ಹಾಕುತ್ತಾರೆ. ಆ ಕಡೆಯಿಂದ ಮೊದಲು ಬರುವ ಪ್ರಶ್ನೆ, "ಇಷ್ಟೊತ್ತಲ್ಲಿ ಯಾಕೋ ಕಾಫಿ?" ಈ ಮಾತುಕತೆಯನ್ನು ಅವಸರದಲ್ಲಿ ಮುಗಿಸಬೇಡಿ. ಇಡೀ ಗುಂಪು ಆ ಅಮ್ಮನ ಜತೆ ಹತ್ತು ನಿಮಿಷ ಮಾತಾಡಿದರೆ ಅದಕ್ಕಿಂತ ದೊಡ್ಡ ಮನರಂಜನೆ ಹೊರಗೆ ಎಲ್ಲಿ ಸಿಕ್ಕೀತು?

ಮಾತು ನಡೆಯುತ್ತಿರಲಿ, ನೀವು ಈ ಮೂರನ್ನು ನೋಡಿಕೊಳ್ಳಿ. ಮೇಲಿನ ಪಾತ್ರೆ ಕೆಳಗಿನದರೊಳಗೆ ಬಿಗಿಯಾಗಿ ಕೂತಿದ್ದರೆ ಒಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ, ಅದು ಮೇಲಿನ ನೀರನ್ನು ತಡೆಯುತ್ತದೆ. ಬಟ್ಟೆ ಹಿಡಿದು ಮೇಲಿನದನ್ನು ಸ್ವಲ್ಪವೇ ತಿರುಗಿಸಿ ಸಡಿಲ ಮಾಡಿ. ಬಹುತೇಕ ಸಲ ಆಗಲೇ ತೊಟ್ಟಿಕ್ಕಲು ಶುರುವಾಗುತ್ತದೆ. ಚಮಚದಿಂದ ಕುಟ್ಟುವವರ ಮದ್ದು ಕೆಲಸ ಮಾಡುವುದೂ ಎಷ್ಟೋ ಸಲ ಇದೇ ಕಾರಣಕ್ಕೆ. ಅದಕ್ಕೂ ಬಗ್ಗದಿದ್ದರೆ ಬಿಲ್ಲೆಯ ಹಿಡಿ ಹಿಡಿದು ಒಂದು ಸುತ್ತು ತಿರುಗಿಸಿ, ಒತ್ತಡ ಕಡಿಮೆಯಾಗುತ್ತದೆ. ಅದೂ ಆಗದಿದ್ದರೆ ಪುಡಿ ತೀರಾ ನುಣ್ಣಗಾಗಿದೆ. ಹಾಗಾದರೆ ಕಾಯುವುದೊಂದೇ ದಾರಿ, ಮುಂದಿನ ಸಲ ಅಂಗಡಿಯವರಿಗೆ "ಸ್ವಲ್ಪ ತರಿ ಇರಲಿ" ಎಂದು ಹೇಳಿ. ಚಿಕೋರಿ ಹೆಚ್ಚಿರುವ ಪುಡಿ ಸಹಜವಾಗಿಯೇ ನಿಧಾನವಾಗಿ ಇಳಿಯುತ್ತದೆ. 60:40ಕ್ಕೆ ಐದು ಹತ್ತು ನಿಮಿಷ ಹೆಚ್ಚು ಲೆಕ್ಕ ಹಿಡಿದಿರಿ.

ಹಾಲು ಮತ್ತು ಬೆರೆಸುವುದು

ಎಂಟು ಜನಕ್ಕೆ ಮುಕ್ಕಾಲು ಲೀಟರ್ ಹಾಲು ಸಾಕು. ಎರಡನೇ ಸುತ್ತಿಗೂ ಸೇರಿಸಿ ಒಂದೂವರೆ ಲೀಟರ್ ತರಿಸಿ. ಟೋನ್ಡ್ ಹಾಲಿನಲ್ಲಿ ಕೊಬ್ಬು 3%, ಫುಲ್ ಕ್ರೀಮಿನಲ್ಲಿ 6%. ರಾತ್ರಿ ಊಟವಾದ ಮೇಲೆ ಫುಲ್ ಕ್ರೀಮ್ ಭಾರ. ನಡುವಿನ 4.5ರದ್ದು ನನಗೆ ಸರಿ ಅನ್ನಿಸುತ್ತದೆ. ಕಾಯಿಸಿಟ್ಟ ಹಾಲನ್ನು ಮತ್ತೆ ಮತ್ತೆ ಕಾಯಿಸಿದರೆ ಕೆನೆ ಕಟ್ಟಿ ರುಚಿ ಬದಲಾಗುತ್ತದೆ. ಸುತ್ತಿಗೊಮ್ಮೆ ಹೊಸದಾಗಿ ಕಾಯಿಸಿ, ಉಕ್ಕು ಬಂದ ಕೂಡಲೇ ಇಳಿಸಿ.

ಡಿಕಾಕ್ಷನನ್ನು ಒಲೆಯ ಮೇಲೆ ಇಡಲೇಬೇಡಿ. ಘಮ ಹಾರಿ ಕಹಿ ಉಳಿಯುತ್ತದೆ. ಆರಿದ್ದರೆ ಅದರ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಐದು ನಿಮಿಷ ಇಟ್ಟರೆ ಸಾಕು. ಲೋಟಕ್ಕೆ ಮೊದಲು ಡಿಕಾಕ್ಷನ್, ಮೇಲೆ ಬಿಸಿ ಹಾಲು. ಸಕ್ಕರೆಯನ್ನು ನೀವು ಹಾಕಬೇಡಿ, ಬಟ್ಟಲು ಚಮಚ ಪಕ್ಕದಲ್ಲಿಡಿ. ಈ ವಯಸ್ಸಿನ ಗುಂಪಿನಲ್ಲಿ ಒಬ್ಬಿಬ್ಬರಿಗಾದರೂ ಸಕ್ಕರೆ ಬೇಡವಾಗಿರುತ್ತದೆ, ಅದನ್ನು ಎಲ್ಲರೆದುರು ಹೇಳಲು ಅವರಿಗೆ ಮನಸ್ಸಿರುವುದಿಲ್ಲ.

ಡವರಾ ಲೋಟದಲ್ಲಿ ಎತ್ತಿ ಹೊಯ್ಯುವುದಕ್ಕೆ ಕಾರಣವಿದೆ: ಸಕ್ಕರೆ ಕರಗುತ್ತದೆ, ಕುಡಿಯುವ ಹದಕ್ಕೆ ಆರುತ್ತದೆ, ನೊರೆ ಬರುತ್ತದೆ. ಮೂರು ಸಲ ಹೊಯ್ದರೆ ಸಾಕು. ಆದರೆ ಕೈ ತಲೆಯ ಮೇಲಕ್ಕೆ ಎತ್ತಿ ಮೊಣಕಾಲಿನ ತನಕ ಧಾರೆ ಇಳಿಸುವ ಕಲಾವಿದರು ಇದ್ದೇ ಇರುತ್ತಾರೆ. ಅವರನ್ನು ತಡೆಯಬೇಡಿ. ನೆಲಕ್ಕೆ ಹಳೆಯ ಪೇಪರ್ ಹಾಸಿ, ಮಕ್ಕಳನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ನೋಡಲು ಬಿಡಿ.

ಯಾರಿಗೆ ಯಾವ ಲೋಟ

ಮನೆಗಳಲ್ಲಿ ಮೊದಲ ಡಿಕಾಕ್ಷನ್ ಬಂದವರಿಗೆ, ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೇ ಡಿಕಾಕ್ಷನ್ ಮನೆಯವರಿಗೆ ಅನ್ನುವ ಕ್ರಮ ಹಿಂದಿನಿಂದ ಇದೆ. ಅದನ್ನು ಹೆಚ್ಚಾಗಿ ಕುಡಿದವರು ನಮ್ಮ ಅಮ್ಮಂದಿರು. ಈ ರಾತ್ರಿ ಆ ಕ್ರಮ ಬೇಡ. ಮನೆಯಲ್ಲಿ ಹಿರಿಯರಿದ್ದರೆ ಮೊದಲ ಡಿಕಾಕ್ಷನಿನ ಮೊದಲ ಲೋಟ ಅವರ ಕೋಣೆಗೆ ಹೋಗಲಿ. ಅವರಿಗೆ ರಾತ್ರಿ ಕಾಫಿ ಆಗದಿದ್ದರೆ ಅದೇ ಲೋಟದಲ್ಲಿ ಬಿಸಿ ಹಾಲು ಹೋಗಲಿ.

ಎರಡನೇ ಡಿಕಾಕ್ಷನನ್ನು ಎಸೆಯಬೇಕಿಲ್ಲ. "ನಂಗೆ ಲೈಟು" ಅನ್ನುವವರಿಗೆ ಮೊದಲನೆಯದರ ಜತೆ ಅರ್ಧಕ್ಕರ್ಧ ಬೆರೆಸಿ ಕೊಡಿ, ಕೆಫೀನ್ ಇನ್ನೂ ಕಡಿಮೆ. "ನಂಗೆ ಅರ್ಧ ಲೋಟ ಸಾಕು" ಅನ್ನುವವರು ಇನ್ನೊಂದು ಬಗೆ. ಅವರು ಆ ಅರ್ಧವನ್ನು ಮೂರು ಸಲ ಕೇಳುತ್ತಾರೆ. ಅವರ ಹೆಸರಿನಲ್ಲಿ ಒಂದೂವರೆ ಲೋಟ ಎಂದೇ ಲೆಕ್ಕ ಹಾಕಿಕೊಂಡು ಹಾಲು ಕಾಯಿಸಿ. ಬೈ-ಟು ಕೇಳಿದವರಿಗೆ ನಮ್ಮಲ್ಲಿ ಹಳೆಯ ನ್ಯಾಯವೊಂದಿದೆ: ಒಬ್ಬರು ಭಾಗ ಮಾಡಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು. ಭಾಗ ಮಾಡುವವರು ಎರಡು ಲೋಟವನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ನೊರೆ ಬಿಟ್ಟು ಅಳೆಯುವುದನ್ನು ನೋಡಲೇಬೇಕು.

ಗ್ರೀನ್ ಟೀ ಬೇಕೆನ್ನುವವರಿಗೆ ಗ್ರೀನ್ ಟೀ ಕೊಡಿ, ಮರುಮಾತಾಡದೆ. ಡಾಕ್ಟರು ಹೇಳಿರುತ್ತಾರೆ.

ಜತೆಗೆ ಏನು, ಎಷ್ಟು ಹೊತ್ತು

ಊಟವಾಗಿದೆ, ಹಾಗಾಗಿ ತಿಂಡಿ ಬೇಡ, ಕುರುಕಲು ಸಾಕು: ಕೋಡುಬಳೆ, ನಿಪ್ಪಟ್ಟು, ಕಾಂಗ್ರೆಸ್ ಕಡಲೆಬೀಜ. ಡಿಸೆಂಬರ್, ಜನವರಿಯಾದರೆ ಹುರಿದ ಹಿತಕಿದ ಅವರೆಬೇಳೆ. ಖಾರ ಮೊದಲು, ಕಾಫಿ ಆಮೇಲೆ. ಸಿಹಿ ತಿಂದು ಕಾಫಿ ಕುಡಿದರೆ ಕಾಫಿ ಸಪ್ಪೆ ಅನ್ನಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಹತ್ತು ಗಂಟೆಯ ಮೇಲೆ ಬಾಲ್ಕನಿ ಬಾಗಿಲು ಹಾಕಿ. ಶಬ್ದಮಾಲಿನ್ಯದ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 'ರಾತ್ರಿ'. ನಿಯಮಕ್ಕಿಂತ ಮುಖ್ಯವಾಗಿ, ಪಕ್ಕದ ಮನೆಯಲ್ಲೂ ಪರೀಕ್ಷೆಗೆ ಓದುವ ಮಗು ಇರುತ್ತದೆ. ಮೆಟ್ರೊದಲ್ಲಿ ಬಂದವರಿದ್ದರೆ ಕೊನೆಯ ರೈಲಿನ ಹೊತ್ತನ್ನು ಮೊದಲೇ ನೋಡಿಟ್ಟುಕೊಂಡು ಅರ್ಧ ಗಂಟೆ ಮುಂಚೆ ನೆನಪಿಸಿ. ಹೊರಡುತ್ತೇವೆ ಎಂದು ಎದ್ದ ಮೇಲೆ ಬಾಗಿಲಲ್ಲಿ ನಡೆಯುವ ಮಾತಿಗೆ ಅಷ್ಟು ಬೇಕು.

ಹತ್ತೂವರೆಯ ಮೇಲೆ ಕಷಾಯ

ಮೂರನೇ ಸುತ್ತು ಕೇಳುವವರು ಇದ್ದೇ ಇರುತ್ತಾರೆ. ಆಗ ಕಾಫಿ ಕೊಡಬೇಡಿ, ಮಲೆನಾಡು, ಉತ್ತರ ಕನ್ನಡದ ಮನೆಗಳ ಕಷಾಯ ಕೊಡಿ. ಕೊತ್ತಂಬರಿ ಬೀಜ ಒಂದು ಬಟ್ಟಲು, ಜೀರಿಗೆ ಕಾಲು ಬಟ್ಟಲು, ಕಾಳುಮೆಣಸು ಒಂದು ಸಣ್ಣ ಚಮಚ, ಮೆಂತ್ಯ ಅರ್ಧ ಸಣ್ಣ ಚಮಚ. ಬೇರೆ ಬೇರೆಯಾಗಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಎರಡು ಏಲಕ್ಕಿ ಸೇರಿಸಿ ಪುಡಿ ಮಾಡಿ. ಇದನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಲೋಟಕ್ಕೆ ಅರ್ಧ ಲೋಟ ನೀರು, ಒಂದು ಸಣ್ಣ ಚಮಚ ಪುಡಿ, ಬೇಕಾದಷ್ಟು ಬೆಲ್ಲ ಹಾಕಿ ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಆಮೇಲೆ ಬಿಸಿ ಹಾಲು ಬೆರೆಸಿ ಸೋಸಿ. ಬೆಲ್ಲದ ಜತೆ ಹಾಲನ್ನು ಕುದಿಸಿದರೆ ಒಡೆಯುವ ಭಯವಿದೆ, ಅದಕ್ಕೇ ಈ ಕ್ರಮ. ನಿದ್ದೆಗೆ ಇದರಿಂದ ತೊಂದರೆ ಇಲ್ಲ. ಕಾಫಿ ಬೇಕೆಂದು ಹಟ ಹಿಡಿದವರೂ ಒಂದು ಗುಟುಕು ಕುಡಿದು "ಪುಡಿ ಸ್ವಲ್ಪ ಕಟ್ಟಿಕೊಡಿ" ಅನ್ನುತ್ತಾರೆ. ಕೊಡಲು ನಾಲ್ಕು ಸಣ್ಣ ಡಬ್ಬ ಇಟ್ಟುಕೊಂಡಿರಿ.

ತೊಳೆದಿಡುವುದು

ಉಳಿದ ಡಿಕಾಕ್ಷನನ್ನು ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮರುದಿನ ಬೆಳಿಗ್ಗೆಗೆ ಆಗುತ್ತದೆ. ಅದಕ್ಕಿಂತ ಹೆಚ್ಚು ಇಡಬೇಡಿ. ಗಸಿಯನ್ನು ಸಿಂಕಿಗೆ ಸುರಿಯದೆ ಗಿಡದ ಕಾಂಪೋಸ್ಟಿಗೆ ಹಾಕಿ. ಪೈಪ್ ಕಟ್ಟಿಕೊಳ್ಳಲು ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. ಫಿಲ್ಟರನ್ನು ರಾತ್ರಿಯೇ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ. ಸೋಪಿನ ವಾಸನೆ ಹಿಡಿಯದ ಹಾಗೆ ನೋಡಿಕೊಳ್ಳಿ. ತೂತು ಕಟ್ಟಿಕೊಂಡಿದ್ದರೆ ಸ್ಟೀಲಿನ ಮೇಲಿನ ಪಾತ್ರೆಯನ್ನು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಗಟ್ಟಿ ಕೂದಲಿನ ಬ್ರಶ್ಶಿನಿಂದ ಹಿಂಬದಿಯಿಂದ ಉಜ್ಜಿ.

ಗೆಳೆಯರ ಫಿಲ್ಟರ್ ತರಿಸಿಕೊಂಡಿದ್ದರೆ ಅವರ ಕೈಗೆ ಕೊಡುವ ಮುನ್ನ ಎಣಿಸಿ: ಮುಚ್ಚಳ, ಮೇಲಿನ ಪಾತ್ರೆ, ಕೆಳಗಿನ ಪಾತ್ರೆ, ಬಿಲ್ಲೆ. ಹೆಚ್ಚಾಗಿ ಕಳೆದುಹೋಗುವುದು ಬಿಲ್ಲೆ. ಗಸಿಯ ಜತೆ ಕಸಕ್ಕೆ ಹೋಗಿರುತ್ತದೆ. ಅದಿಲ್ಲದೆ ಮರುದಿನ ಬೆಳಿಗ್ಗೆ ಅವರ ಮನೆಯಲ್ಲಿ ಡಿಕಾಕ್ಷನ್ ಗಟ್ಟಿಯಾಗಿ ಇಳಿಯದು. ಕಸದ ಚೀಲ ಕಟ್ಟುವ ಮೊದಲು ಒಮ್ಮೆ ಕೈಯಾಡಿಸಿ ನೋಡಿ.